ಅರ್ಧ ಟಕ್ಕು

ಕರ್ ಅಲ್ಲ, ಚರ್ ಅಲ್ಲ.
ಹುರಿದ ಶೇಂಗಾದ ಸಿಪ್ಪೆಯನ್ನು ಯಾರೋ
ಎರಡು ಬೆರಳಲ್ಲಿ ತಿಕ್ಕುತ್ತ ಕೂತ ಹಾಗೆ
ನನ್ನ ಬಲಗಾಲಿನ ಪಕ್ಕದಲ್ಲೇ,
ತೊರವಿ ದಾಟಿ ಏರು ಬಂದಾಗ ಮಾತ್ರ.

ಲಾಲಸಾಬ ಕಾಕಾನ ಅಂಗಡಿಗೆ ಬೋರ್ಡಿಲ್ಲ.
ಬೇವಿನ ಕೊಂಬೆಗೆ ತೂಗಿಬಿಟ್ಟ ಟಾಯರೇ ಬೋರ್ಡು.
ಸೈಕಲ್ಲನ್ನು ಹಗ್ಗಕ್ಕೆ ನೇತುಹಾಕಿ, ಪೆಡಲು ತಿರುವಿ,
ಕಣ್ಣು ಮುಚ್ಚಿದ. "ಏನೂ ಇಲ್ಲಲ್ಲ ಬೇ."
ಐತಿ, ಅಂದೆ. ದಾರಿ ಮ್ಯಾಲೆ ಬರತೈತಿ.
"ನನಗ ಕೇಳಸವಲ್ದು ಬಿಡು."
ನಲವತ್ತು ವರ್ಷ ರಿಮ್ಮಿಗೆ ಸುತ್ತಿಗೆ ಬಡಿದವನ ಕಿವಿ
ಲಾರಿಯನ್ನು ಹಿಡಿಯುತ್ತದೆ, ಸೊಳ್ಳೆಯನ್ನು ಬಿಟ್ಟುಕೊಡುತ್ತದೆ.

ಮೊದಲು ಒರೆಸಿದ. ಡಿರೇಲರಿನ ಪಂಜರದ ಸಂದಿಯಲ್ಲಿ
ಒಣಗಿ ಕಲ್ಲಾದ ಎರಿಮಣ್ಣು:
ಹೋದ ವಾರದ ಮಳೆ, ಕಾಲುವೆಯ ದಂಡೆ,
ಸೈಕಲ್ಲು ಹೆಗಲಿಗೇರಿಸಿ ಒಂದು ಮೈಲಿ ನಡೆದದ್ದು.
ಮಣ್ಣು ಉದುರಿತು.

ಆಮೇಲೆ ಒಂದು ರೂಪಾಯಿಯ ನಾಣ್ಯ.
ದೊಡ್ಡ ಚಕ್ರದ ಹಲ್ಲಿನ ನೆತ್ತಿಗೂ ಪಂಜರದ ಅಂಚಿಗೂ ನಡುವೆ
ನಾಣ್ಯ ಮಲಗಿ ನುಸುಳಬೇಕು, ಅಷ್ಟೇ ಜಾಗ.
ಮೂರು ನುಸುಳುವಷ್ಟಿತ್ತು. ಪಟ್ಟಿ ಸಡಿಲಿಸಿ ಇಳಿಸಿದ,
ಪಂಜರದ ಮೈ ಚಕ್ರದ ಮೈಗೆ ಸಮವಾಗಲೆಂದು
ಮಗುವಿನ ಗದ್ದ ಹಿಡಿದು ಬೈತಲೆ ತೆಗೆಯುವ ಹಾಗೆ
ಒಂದೆಳೆ ಹೊರಳಿಸಿದ.
ಎರಡು ಪುಟ್ಟ ಸ್ಕ್ರೂ. ಒಂದಕ್ಕೆ ಕಾಲು ಸುತ್ತು.
ಇನ್ನೊಂದನ್ನು ದಿಟ್ಟಿಸಿ ಕೈ ಹಿಂದೆಗೆದ:
"ಮುಟ್ಟದ ಬಿಡೂದೂ ರಿಪೇರಿನ."
ಕೇಬಲ್ಲು ಬಿಗಿದು, ಏಕತಾರಿಯಂತೆ ಒಮ್ಮೆ ಮೀಟಿದ.

ಸದ್ದಿಲ್ಲ. ನೇತಾಡುವಾಗ ಎಲ್ಲ ಸೈಕಲ್ಲೂ ಸಂಭಾವಿತ.

ಹೊರಟೆ. ಹಿಂದೆ ಅವನ ಟಿವಿಎಸ್ಸು.
ಒಣದ್ರಾಕ್ಷಿಯ ಶೆಡ್ಡುಗಳ ಹಸಿರು ಪರದೆ ಗಾಳಿಗೆ ಉಬ್ಬಿ ಇಳಿದು,
ಗಂಧಕದ ವಾಸನೆ, ನಾಯಿ, ಏರು.
ಶೇಂಗಾದ ಸಿಪ್ಪೆ.

ಹೇಳಲು ನಾಚಿಕೆ. ಹದಿನೇಳು ವರ್ಷ
ನಾನು ಒಂದೇ ಗೇರಿನವಳು.
ಟ್ರ್ಯಾಕಿನ ಸೈಕಲ್ಲಿಗೆ ಬ್ರೇಕಿಲ್ಲ, ಲಿವರಿಲ್ಲ,
ಚಕ್ರ ಓಡುವಷ್ಟು ಹೊತ್ತು ಕಾಲಿಗೆ ಬಿಡುವಿಲ್ಲ.
ಎರಡು ಕಂಚು. ರೈಲ್ವೆಯಲ್ಲೊಂದು ಕುರ್ಚಿ.
ಗಾಜಿನ ಕೆಳಗಿನ ಕಂಡಿಯಲ್ಲಿ ದಿನವಿಡೀ ಕೈಗಳು:
ಸೊಲ್ಲಾಪುರ ಒಂದು, ಗದಗ ಎರಡೂವರೆ.
ಇದನ್ನು ಕೊಂಡದ್ದು ಗೆಲ್ಲಬೇಕಿಲ್ಲದ ಕಡೆ ಹೋಗಲಿಕ್ಕೆ.
ಬೆರಳಿಗೆ ಅದಿನ್ನೂ ತಿಳಿದಿಲ್ಲ.
ಲಿವರು ಸಿಕ್ಕರೆ, ಕೊನೆಯ ಸುತ್ತಿನ ಗಂಟೆ ಕೇಳಿದ ಹಾಗೆ
ಒತ್ತುತ್ತದೆ.

"ನಿಂದರು. ಗೇರ್ ಮುಟ್ಟಬ್ಯಾಡ."
ಮೈಲಿಗಲ್ಲಿನ ಪಕ್ಕ ಬಗ್ಗಿ ನೋಡಿದ:
ಮುಂದೆ ದೊಡ್ಡದು, ಹಿಂದೂ ದೊಡ್ಡದು,
ಸರಪಳಿ ಓರೆಯಾಗಿ, ಪಂಜರದ ಒಳಗೋಡೆಗೆ
ಭುಜ ತಾಗಿಸಿಕೊಂಡು ಹೋಗುತ್ತಿದೆ.
ಸೀಟು ಹಿಡಿದು ಹಿಂಗಾಲಿ ಎತ್ತಿದೆ.
ಅವನು ಮೊಣಕಾಲೂರಿ, ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ,
ತುದಿಯನ್ನು ಕೊಳವೆಗಾನಿಸಿ, ಪೆಡಲು ತಿರುವಿದ.
ಹುಬ್ಬು ಮೇಲೇರಿತು.
ಕಿವಿ ಕಳಕೊಂಡದ್ದನ್ನು ದವಡೆ ಹಿಡಿದಿತ್ತು.

ತೆಗೆದು ಅಂದ: "ಐತಿ ನೋಡು. ಖರೇ ಅಂದಿ ನೀ.
ಈಗ ಎಡಗೈದು ಸಣ್ಣ ಲಿವರ್ ಒತ್ತು."
ಒತ್ತಿದೆ. ಧಡ್, ಸರಪಳಿ ಚಿಕ್ಕ ಚಕ್ರಕ್ಕೆ ಬಿತ್ತು.
"ಹಂಗಲ್ಲೇ ಯವ್ವಾ. ಕಂಡ್ಯಾಗ ಚಿಲ್ಲರ ಸರಸ್ತೀಯಲ್ಲ,
ಹಂಗ."

ಮತ್ತೆ ದೊಡ್ಡದಕ್ಕೇರಿಸಿ, ಮೂರು ರೂಪಾಯಿ ಚಿಲ್ಲರೆ ಸರಿಸಿದೆ.
ಟಕ್.
ಟಕ್ ಕೂಡ ಅಲ್ಲ, ಅದರರ್ಧ.
ಪಂಜರ ಕೂದಲೆಳೆ ಒಳಗೆ ಜರುಗಿತು,
ಸರಪಳಿ ಅಲ್ಲೇ ಇತ್ತು,
ಸಿಪ್ಪೆ ತಿಕ್ಕುತ್ತಿದ್ದವರು ಎದ್ದು ಹೋಗಿದ್ದರು.
ಎರಡು ವರ್ಷದಿಂದ ನನ್ನ ಎಡಗೈಯಲ್ಲೇ ಇದ್ದ ಅರ್ಧ.

ಹೋತು, ಕಾಕಾ, ಅಂದೆ. ಕೈ ಸೋತಿತ್ತು, ಸೈಕಲ್ಲು ಇಳಿಸಬೇಕು.
ಅವನು ಸ್ಕ್ರೂಡ್ರೈವರನ್ನು ಮತ್ತೆ ಕಚ್ಚಿಕೊಂಡಿದ್ದ.
ಪೆಡಲು ಬಿಟ್ಟಿದ್ದ. ಹಿಂಗಾಲಿ ತನ್ನಷ್ಟಕ್ಕೆ ತಿರುಗುತ್ತ
ಫ್ರೀವೀಲಿನ ಟಿಕಿಟಿಕಿ ತೆಳುವಾಗುತ್ತ ಬಂದು
ಇನ್ನೇನು ನಿಲ್ಲಬೇಕು,
ಕೈ ಎತ್ತಿ ಸನ್ನೆ ಮಾಡಿದ:
ತಡಿ, ಇಳಸಬ್ಯಾಡ.
ಮತ್ತೊಮ್ಮೆ ತಿರುವಿದ.