ಬಣ್ಣದ ಬೀಸಣಿಗೆ

ಗುಲಾಬಿಯಲ್ಲೂ ಹದಿನೈದು ಬಗೆ ಇದೆಯೆಂದು
ಚಿಲಿಯ ಈ ತುದಿಗೆ, ಕೆಯೋನ್ ಬಂದರಿನ
ಥಂಡಿ ಶೆಡ್ಡಿಗೆ ಸೇರಿದ ಮೇಲೆ ತಿಳಿಯಿತು.
ಉದ್ದುದ್ದ ಪಟ್ಟಿಯ ಬೀಸಣಿಗೆ,
ಇಪ್ಪತ್ತರಿಂದ ಮೂವತ್ತನಾಲ್ಕು;
ಸೀಳಿದ ಸಾಲ್ಮನ್ನಿನ ಪಕ್ಕ ಹಿಡಿದು ನೋಡಬೇಕು.
ಟೋಕಿಯೋದವರಿಗೆ ಮೂವತ್ತಮೂರೇ ಆಗಬೇಕು,
ಒಂದು ಕಮ್ಮಿಯಾದರೂ ಪೆಟ್ಟಿಗೆ ವಾಪಸು.

ಬಣ್ಣ ಮೀನಿನದಲ್ಲ, ಮೇವಿನದು.
ಬೆರೆಸದಿದ್ದರೆ ಇವುಗಳ ಒಳಗೆಲ್ಲ ಬರೀ ಬೂದು
ಎಂದ ಮೇಸ್ತ್ರಿ ಬಾರಿಯಾ, ಮನೆಯ ಗುಟ್ಟು ಹೇಳುವವನಂತೆ.
ಬಲೆಯ ಕೊಟ್ಟಿಗೆಯಲ್ಲಿ ಬೆಳೆದದ್ದಕ್ಕೆ
ಸಿಗಡಿಯ ರುಚಿ ಎಲ್ಲಿಯದು?

ನನ್ನವ್ವ ಇದೇ ಕೊಲ್ಲಿಯ ಇಳಿತದಲ್ಲಿ
ಬಾಗಿ ಚಿಪ್ಪು ಹೆಕ್ಕಿದವಳು.
ಅವಳ ಬುಟ್ಟಿಗೆ ನಂಬರಿರಲಿಲ್ಲ.
ಒಂದು ವರ್ಷ ಕಡಲೇ ಕೆಂಪಾಗಿ ಚಿಪ್ಪೆಲ್ಲ ವಿಷವಾಯಿತು,
ಬುಟ್ಟಿ ಬೋರಲು ಹಾಕಿ ಕೋಳಿ ಮುಚ್ಚಿದಳು.
ಆ ಕೆಂಪು ಎಷ್ಟನೆಯದೋ,
ಯಾರೂ ಹಿಡಿದು ನೋಡಲಿಲ್ಲ.

ರಾತ್ರಿ ಪಾಳಿ ಮುಗಿದು ಕೈಗವಸು ಬಿಚ್ಚಿದೆ.
ಎಡುವಿನಾ ಬೀಸಣಿಗೆ ತಂದು ನನ್ನ ಗೆಣ್ಣಿಗೆ ಹಿಡಿದಳು:
‘ಇಪ್ಪತ್ತೊಂಬತ್ತು! ನಿನ್ನನ್ನ ಊರಲ್ಲೇ ಮಾರಬೇಕು ಕಣೇ.’
ಬಸ್ಸು ಬರುವ ತನಕ ನಕ್ಕೆವು.
ಬಸ್ಸಿನೊಳಗೆ ಮಾತ್ರ
ಜೇಬಿನಿಂದ ಕೈ ತೆಗೆಯಲಿಲ್ಲ ನಾನು.