ನಾಲ್ಕು ಒದ್ದೆ ಟವೆಲ್

ದುರ್ಗಿಗುಡಿಯ ಅಂಗಡಿಗೆ ನಾನು ಬರಿಗೈಲಿ ಹೋಗಲಿಲ್ಲ.
ಬ್ಯಾಗಿನಲ್ಲಿ, ಜವಳಿ ಅಂಗಡಿಯ ಹಳೇ ಕವರಿನೊಳಗೆ
ಹಿಂಡಿ ಮಡಚಿದ ನಾಲ್ಕು ಒದ್ದೆ ಟವೆಲ್.

ಇವರ ಸಲೂನಿಗೆ ದಿನಕ್ಕೆ ಮೂವತ್ತೈದು ಟವೆಲ್ ಬೇಕು,
ಭಾನುವಾರ ಐವತ್ತೂ ದಾಟುತ್ತದೆ.
ಒಗೆಯುವುದು ಮಿಷನ್ನು. ಒಣಗಿಸುವುದು ನಾನು:
ಬಾಗಿಲ ನೆತ್ತಿ, ಫ್ಯಾನಿನ ಕೆಳಗೆ, ಟೀವಿಯ ಹೆಗಲು,
ಮಗಳು ಲೆಕ್ಕ ಬಿಡಿಸುವ ಮೇಜಿನ ಅಂಚು.
ಜೂನಿನಿಂದ ಸೆಪ್ಟೆಂಬರ್ ತನಕ
ಮಿಳಘಟ್ಟದ ನಮ್ಮ ಎರಡು ಕೋಣೆಯಲ್ಲಿ
ತಲೆ ತಗ್ಗಿಸದೆ ಯಾರೂ ನಡೆದದ್ದಿಲ್ಲ.

ಕಳೆದ ಆಷಾಢ, ತಾಲ್ಲೂಕು ಆಫೀಸಿನ ಗುಮಾಸ್ತರು,
ಹನ್ನೊಂದು ವರ್ಷದ ಗಿರಾಕಿ,
ಕುತ್ತಿಗೆಗೆ ಸುತ್ತಿದ ಟವೆಲ್ಲನ್ನು ಒಮ್ಮೆ ಮೂಸಿದರಂತೆ.
ಏನೂ ಅನ್ನಲಿಲ್ಲ. ಹತ್ತು ರೂಪಾಯಿ ಹೆಚ್ಚೇ ಕೊಟ್ಟು ಹೋದರು.
ಮತ್ತೆ ಬರಲಿಲ್ಲ.
ಆ ರಾತ್ರಿ ಉಣ್ಣುವಾಗ ಇವರು ಹೇಳಿದ್ದು ಒಂದೇ ಮಾತು:
'ಮುಗ್ಗಲು ನಮ್ಮ ಮೂಗಿಗೆ ಗೊತ್ತೇ ಆಗಲ್ಲ ಕಣೆ. ಅಭ್ಯಾಸ.'

ಅಂಗಡಿ ಹುಡುಗನ ಎದೆಯ ಮೇಲೆ ಹೆಸರು, ಸುಹೇಲ್.
'ಮೂರು ಜಾತಿ ಇದಾವೆ ಅಕ್ಕ,' ಅಂದ.
ಒಂದಕ್ಕೆ ಗೋಡೆಯಲ್ಲಿ ತೂತು ಬೇಕು, ಹಬೆ ಹೊರಗೆ ಹೋಗಲು.
ಒಂದು ಮೊಳೆ ಹೊಡೆದರೂ ಅಡ್ವಾನ್ಸಿನಲ್ಲಿ
ಮುರಿದುಕೊಳ್ಳುವ ಓನರು ನಮ್ಮವರು.
ಇನ್ನೊಂದು, ನೀರನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ,
ಡಬ್ಬಿ ತುಂಬಿದರೆ ಚೆಲ್ಲಬೇಕು.
ಮೂರನೆಯದು ಕರೆಂಟು ಕಮ್ಮಿ ತಿನ್ನುತ್ತದೆ, ದುಡ್ಡು ಜಾಸ್ತಿ.
ಅದರ ಬೆಲೆ ಕೇಳಿದ ಇವರು
ಗೋಡೆಯ ಕ್ಯಾಲೆಂಡರಿಗೆ ತಿರುಗಿದರು,
ಅಮಾವಾಸ್ಯೆ ಎಂದು ಅಂತ ನೋಡುವವರ ಹಾಗೆ.

ನಾನು ಯೂನಿಟ್ಟು ಕೇಳಿದೆ. ಒಂದು ಸಲಕ್ಕೆ ಎಷ್ಟು, ತಿಂಗಳಿಗೆ ಎಷ್ಟು,
ಸೊನ್ನೆ ಬಿಲ್ಲಿನ ಗೆರೆ ದಾಟುತ್ತದಾ ಇಲ್ಲವಾ.
ಅವನು ಹಾಳೆ ಓದಿದ. ಹಾಳೆಯಲ್ಲಿ ಇದ್ದದ್ದು ಯಾವುದೋ ಊರಿನ ಗಾಳಿ.
'ಅದು ಬಿಡು ತಮ್ಮ,' ಎಂದು
ಬ್ಯಾಗಿನ ಜಿಪ್ಪು ಎಳೆದೆ.

ಮ್ಯಾನೇಜರು ಬಂದರು. ಡೆಮೊ ಪೀಸಿಗೆ ಪ್ಲಗ್ಗೇ ಇಲ್ಲ ಅಂದರು.
ಪ್ಲಗ್ಗು ಹುಡುಕಿದರು. ಎಸಿ ಆರಿಸಿದರು.
ಗಾಜಿನ ಕಣ್ಣೊಳಗೆ ನಾಲ್ಕು ಟವೆಲ್ ಏಳುತ್ತ ಬೀಳುತ್ತ,
ಫ್ರಿಜ್ ನೋಡಲು ಬಂದ ಹೊಸ ಜೋಡಿಯೂ ನಿಂತಿತು.
ನಲವತ್ತು ನಿಮಿಷ. ಯಾರೋ ಟೀ ತರಿಸಿದರು.

ತೆಗೆದಾಗ ಬಿಸಿ, ಹಗುರ. ಮೂಸಿದೆ.
ಮುಗ್ಗಲಿಲ್ಲ. ಬಿಸಿಲೂ ಇಲ್ಲ.
ಏನೂ ಅಲ್ಲದ ಒಂದು ವಾಸನೆ.

ಸುಹೇಲ್ ಬಾಗಿಲಂಚಿನ ಜರಡಿ ಎಳೆದು ತೋರಿಸಿದ:
ಬೂದು ನಾರಿನ ತೆಳ್ಳನೆ ಪೊರೆ, ಅದರಲ್ಲಿ
ಎಷ್ಟು ಒಗೆದರೂ ಬಿಡದೆ ಕೂತಿದ್ದ ಕೂದಲು.
ಕರಿದು, ಬಿಳಿದು, ಮೆಹಂದಿ ಕೆಂಪು,
ಪರೀಕ್ಷೆಯ ಹಿಂದಿನ ದಿನ ಬೋಳಿಸಿಕೊಂಡ ಯಾವುದೋ ಹುಡುಗನದು,
ಗುಮಾಸ್ತರದೂ ಒಂದೆರಡು ಇದ್ದೀತು.
ಇಷ್ಟು ವರ್ಷ ನಾನು ಹಿಂಡಿದ್ದು ಇವರನ್ನೆಲ್ಲ.
ಬೆರಳಿಗೆ ಅಂಟಿದ್ದನ್ನು ಸ್ವಲ್ಪ ಹೊತ್ತು ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಇವರು,
ಬಿಸಿ ಟವೆಲ್ ಸಿಕ್ಕರೆ ಆ ಕೈ ಸುಮ್ಮನಿದ್ದೀತೇ,
ಕೊಡವಿ, ಹುಡುಗನ ಹೆಗಲಿಗೆ ಹೊದಿಸಿ,
ಕತ್ತು ಬಗ್ಗಿಸಿ, ಹಿಂದಲೆ ನೋಡಿ:
'ಯಾರಯ್ಯ ಹಿಂಗೆ ಕತ್ತರಿಸಿದ್ದು? ಎಡಗಡೆ ಒಂದು ನೂಲು ಮೇಲೆ.'
ಅಂಗಡಿಗೆ ಅಂಗಡಿಯೇ ನಕ್ಕಿತು.
ಹುಡುಗ ಮಾತ್ರ ಕಣ್ಣು ಮುಚ್ಚಿಕೊಂಡ.

ನೀರಿನ ಡಬ್ಬಿಯದನ್ನೇ ಹಿಡಿದೆವು. ಒಂಬತ್ತು ಕಂತು.
ಕಾಗದಕ್ಕೆ ಸಹಿ ನನ್ನದು: ನಾಗವೇಣಿ ಹಾಲೇಶ್.

ಎಲ್ಲಿ ಇಡುವುದು ಅಂತ ಆಟೋದಲ್ಲಿ ಜಗಳ.
ಮಿಷನ್ನಿನ ಮೇಲೆ ಅಂದರೆ ನಡುಗಿ ಬೀಳುತ್ತೆ,
ಮೇಜು ಸರಿಸಿದರೆ ಮಗಳು ಎಲ್ಲಿ ಕೂರಬೇಕು.
ನಮ್ಮ ಬೀದಿ ತಿರುಗುವ ಹೊತ್ತಿಗೆ
ಮೂರು ಟವೆಲ್ ನನ್ನ ತೊಡೆಯ ಮೇಲೆ.
ನಾಲ್ಕನೆಯದನ್ನು ಇವರು
ತಮ್ಮ ಮುಖಕ್ಕೇ ಹೊದ್ದು, ಹಿಂದಕ್ಕೆ ಒರಗಿ,
ಜಗಳದ ನಡುವೆಯೇ ನಿದ್ದೆ ಹೋಗಿದ್ದರು.