ಬಿಳಿ ಬ್ರೆಡ್ಡು

ರುವಾನ್ ಪಟ್ಟಣ, ರೋಬೆಕ್ ಹೊಳೆಯ ದಂಡೆ, ೧೮೫೮

ಏನ್ ಸ್ವಾಮಿ, ಮುಗಿಯಿತೆ? ತೋರಿಸಿ ಒಂದಿಷ್ಟು.
ಬೆಳಗಿನಿಂದ ನನ್ನ ಸೇತುವೆಯ ಮೇಲೆ ಮುಕ್ಕಾಲಿ ಹಾಕಿ ಕೂತಿದ್ದೀರಿ,
ದಾಟುವಾಗೆಲ್ಲ ನಿಮ್ಮ ಕಾಲಿಗೆ ಎಡವಿದ್ದೇನೆ,
ಅಷ್ಟಕ್ಕಾದರೂ ಬಾಡಿಗೆ ಬೇಡವೆ?

ಹೌದು, ಇದೇ ನಮ್ಮ ಓಣಿ.
ಒಂದರ ಹೆಗಲಿಗೊಂದು ಆತು ನಿಂತ ಮನೆಗಳು,
ನಡುರಾತ್ರಿಯ ಕುಡುಕರ ಹಾಗೆ,
ಒಬ್ಬ ಸರಿದರೂ ಸಾಲೇ ಮಗುಚುತ್ತದೆ.
ವಾಸ್ಲೆನ ಗೋಡೆಯ ಸೀಳು, ಬಾಯಿ ಬಿಟ್ಟ ಕೊಳವೆ,
ಅಟ್ಟದಲ್ಲಿ ಒಣಗುವ ನೂಲಿನ ಲಡಿ ಹದಿನಾಲ್ಕು,
ಎಣಿಸಿ ನೋಡಿದೆ, ಒಂದೂ ಬಿಟ್ಟಿಲ್ಲ.
ಕಣ್ಣು ಚುರುಕು ನಿಮ್ಮದು.

ಆದರೆ ಹೊಳೆ?
ಅದನ್ನು ಯಾಕೆ ಹೀಗೆ ಬೂದಿ ಕದಡಿದ ನೀರು ಮಾಡಿದಿರಿ?
ಇವತ್ತು ಮಂಗಳವಾರ. ಮೇಲಿನ ಕಾರ್ಖಾನೆಯಲ್ಲಿ ಮಂಜಿಷ್ಠ ಕುದಿಸುತ್ತಾರೆ.
ನೋಡಿ, ಕುರಿ ಕೊಯ್ದ ಹಾಗೆ ಹರಿಯುತ್ತಿದೆ.
ನಾಳೆ ನೀಲಿ. ಗುರುವಾರ ಎರಡೂ ಬೆರೆತು ಹೆಸರಿಲ್ಲದ್ದೊಂದು.
ನನ್ನ ಮೊಣಕೈ ನೋಡಿದರೆ ಸಾಕು, ವಾರ ಹೇಳಬಹುದು.
ನಿಮ್ಮ ಪೆನ್ಸಿಲ್ಲಿಗೆ ವಾರವೇ ಇಲ್ಲ.

ಮತ್ತೆ ಈ ಕಿಟಕಿ ನನ್ನದಲ್ಲವೆ?
ಇಲ್ಲೇನಿದು ಮಬ್ಬು, ಹೊಗೆಯೆ?
ಓ. ನಾನೇ.
ಬಾಗಿ ನಿಂತಿದ್ದೆ, ಬರೆದಿರಿ.
ಕೂಸು ಅತ್ತಿತೆಂದು ಒಳಗೋಡಿದೆ,
ಅಳಿಸಿದಿರಿ.

ಅಳಿಸಿದ್ದು ಬ್ರೆಡ್ಡಿನಿಂದ ತಾನೆ?
ಬಿಳಿ ಬ್ರೆಡ್ಡು. ಒಳಗಿನ ಮೆತ್ತನೆ ತಿರುಳು,
ಚಿವುಟಿ, ನಾದಿ, ಉಂಡೆ ಕಟ್ಟಿ.
ನನ್ನ ದೊಡ್ಡ ಮಗ, ಫುಲ್ಜಾನ್ಸ್, ಆ ಕಂಬದ ಹಿಂದೆ ನಿಂತು
ನಿಮ್ಮ ಬೆರಳನ್ನೇ ನೋಡುತ್ತಿದ್ದ.
ಚಿತ್ರ ನೋಡುತ್ತಿದ್ದಾನೆ ಅಂದುಕೊಂಡಿರೇನೋ.
ನಿಮ್ಮ ಗೆರೆ ಒಂದು ತಪ್ಪಲಿ ಎಂದು ಕಾದವನು ಅವನು.
ಉಂಡೆ ಕಪ್ಪಾಗಿ ಕೆಳಗೆ ಬಿದ್ದಾಗ
ಗುಬ್ಬಿಗಿಂತ ಮೊದಲು ಎತ್ತಿಕೊಂಡ.
ನೋಡಿದೆ. ಗದರಲಿಲ್ಲ.
ನನ್ನ ಮೂಗು, ತಲೆಬಟ್ಟೆ, ಈ ಮೊಣಕೈ
ಎಲ್ಲ ಈಗ ಅವನ ಹೊಟ್ಟೆಯಲ್ಲಿ.
ಮೊದಲು ಅವನನ್ನು ಹೊತ್ತದ್ದು ನಾನು; ಈಗ ಅವನ ಸರದಿ.

ನಗರಸಭೆಯವರು ಕಳಿಸಿದ್ದಂತೆ ನಿಮ್ಮನ್ನು, ವಾಸ್ಲೆ ಹೇಳಿದ.
ಕೆಡವುವ ಮುಂಚೆ ಒಂದು ಗುರುತು ಇರಲಿ ಅಂತ.
ಹೊಳೆಗೆ ಕಲ್ಲು ಹಾಸಿ ಮುಚ್ಚುತ್ತಾರಂತೆ, ಮೇಲೆ ಗಾಡಿ ಓಡುತ್ತವಂತೆ.
ಓಡಲಿ.
ಕೆಳಗೆ ಕತ್ತಲಲ್ಲಿ ಮಂಗಳವಾರ ಕೆಂಪಾಗಿಯೇ ಹರಿಯುತ್ತದಲ್ಲ.

ಇನ್ನೊಂದು ಮಾತು, ಬೇಸರ ಬೇಡ.
ಆ ಎಡಗಡೆಯ ಬಾಗಿಲು ತುಸು ಓರೆಯಾಗಿದೆ,
ನನ್ನ ಕಣ್ಣಿಗಂತೂ ಹಾಗೆ ಕಾಣುತ್ತದೆ. ಸೇತುವೆಯೂ ಅಷ್ಟೆ.
ಹೊಗೆಗೂಡು ಪೂರ್ತಿ ತಪ್ಪು.
ತಿದ್ದಬಾರದೆ?
ಬ್ರೆಡ್ಡು ಇನ್ನೂ ಅರ್ಧ ಉಳಿದಿದೆಯಲ್ಲ, ಚೀಲದಲ್ಲಿ.